ನಾನೇ ಟೈಪ್ ಮಾಡಿದ್ದು ನನಗೇ ಓದಲಾಗಲಿಲ್ಲ

ಹುಣಸೂರಿನಲ್ಲಿ ನನ್ನದೊಂದು ಡಿಟಿಪಿ ಅಂಗಡಿ ಇದೆ. 2003ರಲ್ಲಿ ಶುರು ಮಾಡಿದ್ದು. ಜೆರಾಕ್ಸ್, ಲ್ಯಾಮಿನೇಷನ್, ಬಾಡಿಗೆ ಕರಾರು, ಕ್ರಯಪತ್ರ, ಶಾಲೆಗಳ ಪ್ರಶ್ನೆಪತ್ರಿಕೆ, ಮದುವೆ ಕಾರ್ಡು, ತಿಥಿ ಕಾರ್ಡು, ಎಲ್ಲ ಇಲ್ಲೇ. ಊರಿನ ಅರ್ಧ ಮದುವೆಗಳು ನನ್ನ ಕೀಬೋರ್ಡಿನಿಂದಲೇ ಹೊರಟಿವೆ ಅಂತ ಒಂದು ಕಾಲದಲ್ಲಿ ಜಂಬ ಕೊಚ್ಚಿಕೊಳ್ಳುತ್ತಿದ್ದೆ.

ಈಗ ನನಗೆ ಕಣ್ಣು ಕಾಣುವುದಿಲ್ಲ. ಪೂರ್ತಿ ಕತ್ತಲೆ ಅಂತಲ್ಲ. ಕಿಟಕಿ ಯಾವ ಕಡೆ ಇದೆ ಅಂತ ಗೊತ್ತಾಗುತ್ತದೆ. ಎದುರಿಗೆ ಯಾರಾದರೂ ನಿಂತರೆ ಒಂದು ನೆರಳು ಕಾಣುತ್ತದೆ. ಅಷ್ಟೇ. ಆದರೂ ಅಂಗಡಿ ನಡೆಯುತ್ತಿದೆ. "ಅದು ಹೇಗೆ ಮಾಡ್ತೀರಿ?" ಅಂತ ಕೇಳುವವರು ಜಾಸ್ತಿ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ ಈಗ ಬರೆಯಲು ಕುಳಿತಿದ್ದೇನೆ.

ಶುರುವಾಗಿದ್ದು ರಾತ್ರಿಯ ಹೊತ್ತಿನಲ್ಲಿ. ಕರೆಂಟು ಹೋದರೆ ಬೇರೆಯವರಿಗೆ ಸ್ವಲ್ಪ ಹೊತ್ತಿಗೆ ಕಣ್ಣು ಕತ್ತಲೆಗೆ ಹೊಂದಿಕೊಳ್ಳುತ್ತದೆ. ನನಗೆ ಹೊಂದಿಕೊಳ್ಳುತ್ತಲೇ ಇರಲಿಲ್ಲ. ಚಿಕ್ಕಂದಿನಿಂದಲೂ ಹಾಗೇ. ಎಲ್ಲರಿಗೂ ಹೀಗೇ ಇರುತ್ತದೆ ಅಂದುಕೊಂಡಿದ್ದೆ. ಅಮ್ಮ ಇರುಳುಗಣ್ಣು ಅಂತ ಹೇಳಿ ಹೊನಗೊನ್ನೆ ಸೊಪ್ಪಿನ ಪಲ್ಯ ಮಾಡಿ ಹಾಕುತ್ತಿದ್ದಳು. ಪಲ್ಯ ಚೆನ್ನಾಗಿರುತ್ತಿತ್ತು. ಕಣ್ಣಿಗೆ ಏನೂ ಆಗಲಿಲ್ಲ.

2014ರಲ್ಲಿ ಒಂದು ಮದುವೆ ಕಾರ್ಡು ನನ್ನನ್ನು ಸಿಕ್ಕಿಹಾಕಿಸಿತು. ಮುಹೂರ್ತದ ಸಾಲು ಬಲಗಡೆ ಅಂಚಿನಲ್ಲಿ ಕತ್ತರಿಸಿಹೋಗಿತ್ತು. "ಬೆಳಿಗ್ಗೆ 9-30 ರಿಂದ" ಅಂತ ಇತ್ತು, ಎಷ್ಟರವರೆಗೆ ಅನ್ನುವುದೇ ಇರಲಿಲ್ಲ. ಪ್ರೂಫ್ ನೋಡಿ ಸರಿ ಇದೆ ಅಂದವನು ನಾನೇ. ನಾನೂರು ಕಾರ್ಡು ನನ್ನ ಖರ್ಚಿನಲ್ಲೇ ಮತ್ತೆ ಪ್ರಿಂಟ್ ಆದವು. ಆ ಅಂಚು ನನಗೆ ಕಂಡಿರಲೇ ಇಲ್ಲ ಅಂತ ಹೇಳಿದರೆ ಯಾರು ನಂಬುತ್ತಾರೆ?

ಮೈಸೂರಿನಲ್ಲಿ ಕಣ್ಣಿನ ಡಾಕ್ಟರ ಹತ್ತಿರ ಹೋದೆ. ಒಂದು ದೊಡ್ಡ ಬಟ್ಟಲಿನಂಥ ಮೆಷೀನಿನ ಮುಂದೆ ಗಲ್ಲ ಇಡಿಸಿ, ಕೈಗೆ ಒಂದು ಬಟನ್ ಕೊಟ್ಟರು. ಬೆಳಕಿನ ಚುಕ್ಕಿ ಕಂಡಾಗಲೆಲ್ಲ ಒತ್ತಬೇಕು. ನಾನು ಚುಕ್ಕಿಗಾಗಿ ಕಾದೆ, ಕಾದೆ. ಮೆಷೀನು ಕೆಟ್ಟಿರಬೇಕು ಅಂದುಕೊಂಡೆ. ಹೊರಗೆ ಬಂದ ಮೇಲೆ ಡಾಕ್ಟರು ಕೇಳಿದ ಮೊದಲ ಪ್ರಶ್ನೆ: "ನಿಮ್ಮ ತಂದೆ ತಾಯಿ ಸಂಬಂಧದಲ್ಲಿ ಮದುವೆ ಆದವರಾ?" ಹೌದು, ನಮ್ಮಪ್ಪ ನಮ್ಮಮ್ಮನಿಗೆ ಸೋದರಮಾವ. ನಮ್ಮ ಕಡೆ ಇದರಲ್ಲಿ ವಿಶೇಷವೇನೂ ಇಲ್ಲ.

ಕಾಯಿಲೆಯ ಹೆಸರು ರೆಟಿನೈಟಿಸ್ ಪಿಗ್ಮೆಂಟೋಸಾ. ಆರ್‌ಪಿ ಅಂತಾರೆ. ಕಣ್ಣಿನ ಹಿಂದಿನ ಪರದೆಯಲ್ಲಿ, ಮಂದ ಬೆಳಕಿನಲ್ಲಿ ಕೆಲಸ ಮಾಡುವ ಕೋಶಗಳು ಮೊದಲು ಸಾಯುತ್ತವೆ. ಅದಕ್ಕೇ ರಾತ್ರಿ ಮೊದಲು ಹೋಗುತ್ತದೆ. ಆಮೇಲೆ ಅಂಚುಗಳು. ಕೊನೆಗೆ ನಟ್ಟನಡುವೆ ಒಂದು ಕಿಂಡಿ ಉಳಿಯುತ್ತದೆ. ವಂಶವಾಹಿಯಲ್ಲೇ ಬರುವ ಕಾಯಿಲೆ ಇದು. ರಕ್ತಸಂಬಂಧದ ಮದುವೆಗಳಲ್ಲಿ ಬರುವ ಸಾಧ್ಯತೆ ಜಾಸ್ತಿ. ನನ್ನ ಕಣ್ಣಿಗೆ ಕೊಡುವಂಥ ಔಷಧಿ ಇಲ್ಲ ಅಂತ ಡಾಕ್ಟರು ನೇರವಾಗಿ ಹೇಳಿದರು. ಹಾಗೆ ಹೇಳಿದ್ದಕ್ಕೆ ಅವರಿಗೆ ನಾನು ಋಣಿ. ಇಲ್ಲದಿದ್ದರೆ ಇನ್ನೂ ನಾಲ್ಕು ಊರು ಸುತ್ತುತ್ತಿದ್ದೆ.

ಆ ಕಿಂಡಿಯ ಕಾಲ ಇದೆಯಲ್ಲ, ಅದರ ಕಷ್ಟವೇ ಬೇರೆ. ಕಿಂಡಿಯೊಳಗೆ ಬಂದ ಅಕ್ಷರ ಎಷ್ಟು ಸಣ್ಣದಿದ್ದರೂ ಓದುತ್ತಿದ್ದೆ. ಎದುರಿಗೆ ಬರುವ ಎಮ್ಮೆ ಕಾಣುತ್ತಿರಲಿಲ್ಲ. "ಪೇಪರ್ ಓದ್ತಾನೆ, ಎಮ್ಮೆಗೆ ಡಿಕ್ಕಿ ಹೊಡೀತಾನೆ. ನಾಟಕ" ಅಂತ ಟೀ ಅಂಗಡಿಯಲ್ಲಿ ಮಾತಾಡಿಕೊಂಡಿದ್ದು ನನ್ನ ಕಿವಿಗೂ ಬಿತ್ತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯಲ್ಲಿ ಇದಕ್ಕೆ ಉತ್ತರ ಇದೆ: ನೋಟದ ಹರವು 10 ಡಿಗ್ರಿಗಿಂತ ಕಡಿಮೆ ಇದ್ದರೆ ಅದೂ ಅಂಧತ್ವವೇ. ಆದರೆ ಟೀ ಅಂಗಡಿಯಲ್ಲಿ ಕಾಯಿದೆ ಓದಿ ಹೇಳೋದು ಹೇಗೆ?

2020ರ ಹೊತ್ತಿಗೆ ಕಿಂಡಿಯೂ ಮಂಜಾಯಿತು. ಸ್ಕ್ರೀನನ್ನು ಎಷ್ಟು ದೊಡ್ಡದು ಮಾಡಿದರೂ ಒಂದು ಅಕ್ಷರ ಕಂಡರೆ ಪಕ್ಕದ್ದು ಕಾಣದು. ಅಂಗಡಿಯ ಹುಡುಗ ಟೈಪ್ ಮಾಡತೊಡಗಿದ. ನಾನು ಕುರ್ಚಿಯಲ್ಲಿ ಕುಳಿತು ದುಡ್ಡು ಇಸಿದುಕೊಳ್ಳುವವನಾದೆ. ಅದರಲ್ಲೂ ಒಂದು ದಿನ ಇನ್ನೂರರ ನೋಟನ್ನು ನೂರರದ್ದು ಅಂತ ಚಿಲ್ಲರೆಗೆ ಕೊಟ್ಟೆ. ತಗೊಂಡವರು ಸುಮ್ನೆ ಹೋದರು.

ಆ ಒಂದೂವರೆ ವರ್ಷದ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಒಂದು ದಿನ ಕಾಲೇಜು ಹುಡುಗನೊಬ್ಬ ಬಸ್ ಪಾಸ್ ಜೆರಾಕ್ಸ್ ಮಾಡಿಸಲು ಬಂದ. ಅವನಿಗೆ ಹುಟ್ಟಿನಿಂದಲೇ ಕಣ್ಣಿಲ್ಲ. ಅವನ ಫೋನಿನಿಂದ ಜೀರುಂಡೆಯಂಥ ಸದ್ದು ಬರುತ್ತಿತ್ತು. "ಏನಪ್ಪ ಅದು, ಫೋನು ಕೆಟ್ಟಿದೆಯಾ?" ಅಂದೆ. "ಇಲ್ಲ ಅಣ್ಣ, ಮೆಸೇಜ್ ಓದ್ತಾ ಇದೆ" ಅಂದ. ಆ ಸದ್ದು ಕನ್ನಡವಂತೆ! ಅಷ್ಟು ವೇಗದ ಕನ್ನಡ. ನನಗೆ ಒಂದಕ್ಷರ ತಿಳಿಯಲಿಲ್ಲ.

ಅವನೇ ನನ್ನ ಫೋನಿನಲ್ಲಿ, ಪರದೆಯಲ್ಲಿರುವುದನ್ನು ಓದಿ ಹೇಳುವ ಟಾಕ್‌ಬ್ಯಾಕ್ ಆನ್ ಮಾಡಿಕೊಟ್ಟ. ಆಂಡ್ರಾಯ್ಡ್ ಫೋನುಗಳಲ್ಲಿ ಸಾಮಾನ್ಯವಾಗಿ ಅದು ಮೊದಲೇ ಇರುತ್ತದೆ, ಹೊಸದಾಗಿ ಕೊಳ್ಳುವುದೇನೂ ಬೇಡ. ವಾಲ್ಯೂಮ್‌ನ ಎರಡೂ ಬಟನ್ ಒಟ್ಟಿಗೆ ಮೂರು ಸೆಕೆಂಡು ಒತ್ತಿ ಹಿಡಿದರೆ ಆನ್ ಆಗುವ ಹಾಗೆ, ಮತ್ತೆ ಹಿಡಿದರೆ ಆಫ್ ಆಗುವ ಹಾಗೆ ಇಟ್ಟುಕೊಳ್ಳಬಹುದು. ವರ್ಷಗಟ್ಟಲೆ ನನ್ನ ಜೇಬಿನಲ್ಲೇ ಇದ್ದ ಸಾಮಾನು ನನಗೇ ಗೊತ್ತಿರಲಿಲ್ಲ.

ಮೊದಲ ವಾರ ಬರೀ ಜಗಳ. ಟಾಕ್‌ಬ್ಯಾಕ್ ಹಾಕಿದ ಮೇಲೆ ಫೋನಿನ ನಡವಳಿಕೆಯೇ ಬದಲಾಗುತ್ತದೆ. ಒಂದು ಸಲ ಮುಟ್ಟಿದರೆ ಹೆಸರು ಹೇಳುತ್ತದೆ, ಕೆಲಸ ಮಾಡುವುದಿಲ್ಲ. ಎರಡು ಸಲ ತಟ್ಟಿದರೆ ಕೆಲಸ. ಬಲಕ್ಕೆ ಸವರಿದರೆ ಮುಂದಿನದು, ಎಡಕ್ಕೆ ಸವರಿದರೆ ಹಿಂದಿನದು. ಪರದೆ ಮೇಲೆ ಕೆಳಗೆ ಹೋಗಲು ಎರಡು ಬೆರಳು. ನನ್ನ ಬೆರಳಿಗೆ ಹಳೆಯ ಅಭ್ಯಾಸ. ಒಂದು ಸಂಜೆ ಫೋನ್ ರಿಂಗ್ ಆಗಿ ಆಗಿ ನಿಂತಿತು, ನನಗೆ ಎತ್ತಲು ಆಗಲಿಲ್ಲ. ಹೆಂಡತಿ ಬಂದು, "ರೀ, ಅದನ್ನ ತೆಗೆದುಬಿಡಿ, ಇದ್ದಿದ್ದೂ ಹಾಳಾಯ್ತು" ಅಂದಳು. ಮಗಳು ಮಾತ್ರ ಬಿಡಲಿಲ್ಲ. "ಅಪ್ಪ, ನೀನು ಸೈಕಲ್ ಕಲಿಸುವಾಗ ಏನು ಹೇಳಿದ್ದೆ?" ಅಂತ ನನ್ನ ಮಾತನ್ನೇ ನನಗೆ ತಿರುಗಿಸಿದಳು.

ಕನ್ನಡ ದನಿ ಹಾಕಿಕೊಂಡ ಮೇಲೆ ಸ್ವಲ್ಪ ಸಲೀಸಾಯಿತು. ಇಂಗ್ಲಿಷ್ ದನಿ ಒಂದೇ ಇದ್ದಾಗ ಕನ್ನಡ ಮೆಸೇಜಿನಲ್ಲಿ ಅಂಕಿಗಳನ್ನು ಮಾತ್ರ ಓದಿ ಮುಂದೆ ಹೋಗಿಬಿಡುತ್ತಿತ್ತು. ಈಗ ಎಲ್ಲ ಓದುತ್ತದೆ. ಬೇಡದ್ದನ್ನೂ ಓದುತ್ತದೆ. ನನ್ನ ಭಾವಮೈದ ಪ್ರತಿ ಮೆಸೇಜಿನ ಕೊನೆಗೆ ಹನ್ನೆರಡು ಸಲ ಕೈ ಮುಗಿಯುತ್ತಾನೆ ಅಂತ ಗೊತ್ತಾಗಿದ್ದೇ ಆಗ. ಫೋಲ್ಡೆಡ್ ಹ್ಯಾಂಡ್ಸ್, ಫೋಲ್ಡೆಡ್ ಹ್ಯಾಂಡ್ಸ್, ಫೋಲ್ಡೆಡ್ ಹ್ಯಾಂಡ್ಸ್... ಫೋನ್ ಮಾಡಿ ಹೇಳಿದೆ, "ಒಂದು ಸಲ ಮುಗಿದರೆ ಸಾಕಪ್ಪ" ಅಂತ.

ಪರದೆಯನ್ನು ಪೂರ್ತಿ ಕಪ್ಪಾಗಿಸಿಯೂ ಫೋನ್ ಬಳಸಬಹುದು. ಟಾಕ್‌ಬ್ಯಾಕ್‌ನಲ್ಲೇ ಆ ಅನುಕೂಲ ಇದೆ. ಬಸ್ಸಿನಲ್ಲಿ ಪಕ್ಕದವರು ನಮ್ಮ ಮೆಸೇಜಿಗೆ ಇಣುಕುವ ಹಾಗಿಲ್ಲ. ಒಮ್ಮೆ ಹಾಗೆ ಕುಳಿತು ಇಯರ್‌ಫೋನ್ ಹಾಕಿಕೊಂಡು ಬೆರಳು ಆಡಿಸುತ್ತಿದ್ದಾಗ ಪಕ್ಕದ ಅಜ್ಜಿ, "ಅಯ್ಯೋ ಮಗ, ಚಾರ್ಜೇ ಇಲ್ಲ ಕಣಪ್ಪ ಅದರಲ್ಲಿ" ಅಂತ ಮರುಗಿದರು.

2022ರ ಶುರುವಿನಲ್ಲಿ ಬೆಂಗಳೂರಿನ ಒಂದು ಸಂಸ್ಥೆಗೆ ತರಬೇತಿಗೆ ಹೋದೆ. ಎರಡು ತಿಂಗಳು. ಆರ್‌ಪಿಯವರಿಗೆ ಬೆಂಗಳೂರಿನಲ್ಲಿ ಒಂದು ನಂಟು ಇದೆ. ಎನೇಬಲ್ ಇಂಡಿಯಾ ಅನ್ನುವ ಸಂಸ್ಥೆಯನ್ನು 1999ರಲ್ಲಿ ಶಾಂತಿ ರಾಘವನ್ ಮತ್ತು ದೀಪೇಶ್ ಸುತಾರಿಯಾ ಕಟ್ಟಿದರು. ಶಾಂತಿಯವರ ತಮ್ಮನಿಗೆ ಇದೇ ಕಾಯಿಲೆಯಿಂದ ದೃಷ್ಟಿ ಹೋಗಿದ್ದೇ ಅದಕ್ಕೆ ಕಾರಣ. ನಾನು ಕಲಿತದ್ದು ಬೇರೆ ಕಡೆ. ಆದರೆ ಈ ವಿಷಯ ಕೇಳಿದಾಗ, ನನ್ನ ಕಾಯಿಲೆ ನನ್ನೊಬ್ಬನದೇ ಅಲ್ಲ ಅಂತ ಒಂಥರಾ ಸಮಾಧಾನವಾಯಿತು.

ಮೊದಲು ಬಿಳಿ ಕೋಲು. ನಿಜ ಹೇಳುತ್ತೇನೆ, ಕೋಲು ಹಿಡಿಯುವುದಕ್ಕೆ ನನಗೆ ನಾಚಿಕೆ. ಮಡಚುವ ಕೋಲು ಸಿಗುತ್ತದೆ, ಒಳಗೆ ಎಲಾಸ್ಟಿಕ್ ದಾರ. ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು, ಬ್ಯಾಗನ್ನೇ ಮುಂದೆ ಹಿಡಿದು ನಡೆಯುತ್ತಿದ್ದೆ. ಕಲಿಸುವ ಮೇಡಂ ಅದನ್ನು ಕಂಡು, "ಬ್ಯಾಗ್ ಡಿಕ್ಕಿ ಹೊಡೆದ್ರೆ ಬೈತಾರೆ. ಕೋಲು ಡಿಕ್ಕಿ ಹೊಡೆದ್ರೆ ದಾರಿ ಬಿಡ್ತಾರೆ. ಯಾವುದು ಬೇಕು ನೋಡ್ಕೊಳ್ಳಿ" ಅಂದರು.

ಕೋಲು ನೆಲದಿಂದ ಎದೆಯ ಮಟ್ಟಕ್ಕೆ ಇರಬೇಕು. ಎಡಗಾಲು ಮುಂದಿಟ್ಟಾಗ ಕೋಲಿನ ತುದಿ ಬಲಕ್ಕೆ ತಟ್ಟಬೇಕು, ಬಲಗಾಲು ಇಟ್ಟಾಗ ಎಡಕ್ಕೆ. ಅಂದರೆ ಮುಂದಿನ ಹೆಜ್ಜೆ ಬೀಳುವ ಜಾಗವನ್ನು ಕೋಲು ಒಂದು ಹೆಜ್ಜೆ ಮೊದಲೇ ನೋಡಿರುತ್ತದೆ. ಎರಡನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರಿಗಾಗಿ ಅಮೆರಿಕದ ರಿಚರ್ಡ್ ಹೂವರ್ ಎಂಬವರು ರೂಢಿಗೆ ತಂದ ಕ್ರಮವಂತೆ ಇದು. ಕೇಳುವುದಕ್ಕೆ ಸುಲಭ. ಮಾಡುವಾಗ ಕೈಗೂ ಕಾಲಿಗೂ ತಾಳ ತಪ್ಪುತ್ತದೆ. ಶಾಲೆಯಲ್ಲಿ ಕೋಲಾಟದಲ್ಲಿ ನನ್ನನ್ನು ಕೈಬಿಟ್ಟಿದ್ದು ನೆನಪಾಯಿತು.

ಕೋಲಿಗೂ ಮಿತಿ ಇದೆ. ನೆಲದ ಮೇಲಿನ ಚರಂಡಿ, ಮೆಟ್ಟಿಲು, ಕಲ್ಲು ಹೇಳುತ್ತದೆ. ತಲೆಯ ಎತ್ತರಕ್ಕೆ ಜೋತ ಟಾರ್ಪಾಲಿನ ಹಗ್ಗ, ಲಾರಿಯ ಹಿಂದೆ ಚಾಚಿದ ಕಬ್ಬಿಣದ ಸರಳು ಇವನ್ನು ಹೇಳುವುದಿಲ್ಲ. ಇದಕ್ಕಾಗಿಯೇ ಐಐಟಿ ದೆಹಲಿಯವರು ಮಾಡಿದ ಸ್ಮಾರ್ಟ್‌ಕೇನ್ 2014ರಲ್ಲಿ ಬಂತು. ಬಾವಲಿಯ ಹಾಗೆ ಕಿವಿಗೆ ಕೇಳದ ಸದ್ದನ್ನು ಕಳಿಸಿ, ಮೊಣಕಾಲಿಗಿಂತ ಮೇಲೆ ಅಡ್ಡ ಬರುವುದನ್ನು ಪತ್ತೆ ಹಚ್ಚಿ ಹಿಡಿಯನ್ನು ನಡುಗಿಸುತ್ತದೆ. ಗೆಳೆಯನೊಬ್ಬನ ಹತ್ತಿರ ಇತ್ತು, ಹಿಡಿದು ನೋಡಿದೆ. ಖಾಲಿ ರಸ್ತೆಯಲ್ಲಿ ಬಹಳ ಚೆನ್ನ. ಸಂತೆಯೊಳಗೆ ನಡುಗುವುದನ್ನು ನಿಲ್ಲಿಸುವುದೇ ಇಲ್ಲ. ತಪ್ಪು ಅದರದಲ್ಲ, ನಮ್ಮ ಸಂತೆಯದು.

ಬ್ರೈಲ್ ಕೂಡ ಸ್ವಲ್ಪ ಕಲಿತೆ. ಆರು ಚುಕ್ಕಿಗಳ ಲಿಪಿ. ಭಾರತದ ಭಾಷೆಗಳಿಗೆಲ್ಲ ಹೊಂದುವ ಭಾರತಿ ಬ್ರೈಲ್ 1951ರಲ್ಲಿ ಬಂತು. ಅ ಅಂದರೆ ಒಂದನೇ ಚುಕ್ಕಿ, ಕ ಅಂದರೆ ಒಂದು ಮತ್ತು ಮೂರು. ಸ್ಲೇಟು, ಸ್ಟೈಲಸ್ಸು ಹಿಡಿದು ಬರೆಯುವಾಗ ಬಲದಿಂದ ಎಡಕ್ಕೆ ಚುಚ್ಚಬೇಕು, ಓದುವಾಗ ಕಾಗದ ತಿರುಗಿಸಿ ಎಡದಿಂದ ಬಲಕ್ಕೆ. ಟ್ರೇಸಿಂಗ್ ಪೇಪರಿನ ಮೇಲೆ ಕನ್ನಡಿಬಿಂಬದ ಪ್ರಿಂಟ್ ತೆಗೆದು ಅಭ್ಯಾಸವಿದ್ದ ನನಗೆ ಇದು ತಲೆಗೆ ಹೋಯಿತು. ಬೆರಳಿಗೆ ಹೋಗಲಿಲ್ಲ. ನಲವತ್ತು ದಾಟಿದ ಮೇಲೆ ಬೆರಳ ತುದಿ ಹೊಸ ಪಾಠ ಕಲಿಯುವುದು ನಿಧಾನ. ಈಗ ಡಬ್ಬಗಳಿಗೆ, ಫೈಲುಗಳಿಗೆ ಹೆಸರು ಅಂಟಿಸುವಷ್ಟು ಬರುತ್ತದೆ. ಸಾಕು.

ನಾನು ಕಾಯುತ್ತಿದ್ದದ್ದು ಕಂಪ್ಯೂಟರಿಗೆ. ಕಲಿಸುವ ಸರ್ ಕೂಡ ಅಂಧರೇ. ನನ್ನ ಕೈಯನ್ನು ಕೀಬೋರ್ಡಿನ ಮೇಲಿಟ್ಟು, "ಎಫ್ ಮತ್ತು ಜೆ ಮೇಲೆ ಉಬ್ಬು ಗೆರೆ ಇದೆ, ಸಿಕ್ತಾ?" ಅಂದರು. ನಗು ಬಂತು. ಹದಿನೇಳು ವರ್ಷ ಸವೆಸಿದ ಉಬ್ಬು ಅದು. ಕನ್ನಡ ಟೈಪ್ ಮಾಡಲು ಬಳಸುವ 'ನುಡಿ' ತಂತ್ರಾಂಶದ ಕೀಲಿಮಣೆಯಲ್ಲಿ ಒತ್ತಕ್ಷರಕ್ಕೆ ಎಫ್ ಒತ್ತಬೇಕು. ಅಕ್ಕ ಅನ್ನಲು ಎ, ಕೆ, ಎಫ್, ಕೆ. ಕೆ.ಪಿ. ರಾವ್ ಅವರು ಈ ವಿನ್ಯಾಸ ಮಾಡುವಾಗ ಕುರುಡರನ್ನು ನೆನೆದು ಎಫ್ ಆರಿಸಿದರು ಅಂತ ನಾನು ಹೇಳುತ್ತಿಲ್ಲ. ಆದರೆ ಕನ್ನಡದಲ್ಲಿ ಪದೇ ಪದೇ ಬೇಕಾಗುವ ಕೀಲಿ, ಬೆರಳಿಗೆ ಮೊದಲು ಸಿಗುವ ಕೀಲಿಯೇ ಆಗಿದೆ. ಅಂದು ಮಧ್ಯಾಹ್ನವೇ ನಾನು ಪೂರ್ತಿ ಒಂದು ಪುಟ ಟೈಪ್ ಮಾಡಿದೆ. ಒಂದೂವರೆ ವರ್ಷದ ಮೇಲೆ.

ಓದಿ ಹೇಳಿದ್ದು ಎನ್‌ವಿಡಿಎ. 2006ರಲ್ಲಿ ಆಸ್ಟ್ರೇಲಿಯಾದ ಮೈಕೆಲ್ ಕರನ್ ಶುರು ಮಾಡಿದ ಸ್ಕ್ರೀನ್ ರೀಡರ್, ಅಂದರೆ ಪರದೆಯಲ್ಲಿರುವುದನ್ನು ಓದಿ ಹೇಳುವ ಸಾಫ್ಟ್‌ವೇರು. ಅವರೂ, ಆಮೇಲೆ ಜೊತೆಯಾದ ಜೇಮ್ಸ್ ಟೇ ಅವರೂ ಅಂಧರು. ಇಂಥ ಸಾಫ್ಟ್‌ವೇರಿಗೆ ತುಂಬಾ ದುಡ್ಡು ಕೊಡಬೇಕಾಗಿದ್ದ ಕಾಲದಲ್ಲಿ ಅವರು ಇದನ್ನು ಬಿಟ್ಟಿಯಾಗಿ ಕೊಟ್ಟರು, ಈಗಲೂ ಹಾಗೇ ಕೊಡುತ್ತಿದ್ದಾರೆ. ಇನ್ಸರ್ಟ್ ಹಿಡಿದು ಕೆಳಗಿನ ಆರೋ ಒತ್ತಿದರೆ ಓದುತ್ತಾ ಹೋಗುತ್ತದೆ. ಕಂಟ್ರೋಲ್ ಒತ್ತಿದರೆ ತೆಪ್ಪಗಾಗುತ್ತದೆ. ಇನ್ಸರ್ಟ್ ಮತ್ತು 1 ಒತ್ತಿದರೆ ಕಲಿಯುವವರಿಗೆ ಸಹಾಯ: ಯಾವ ಕೀಲಿ ಒತ್ತಿದರೂ ಅದರ ಕೆಲಸವೇನು ಅಂತ ಹೇಳುತ್ತದೆ, ಕೆಲಸ ಮಾಡುವುದಿಲ್ಲ. ಮೊದಲ ಮೂರು ದಿನ ನಾನು ಅದರಲ್ಲೇ ಇದ್ದೆ.

ಅದರ ಜೊತೆಗೇ ಬರುವ ಈಸ್ಪೀಕ್ ದನಿಗೆ ಕನ್ನಡ ಗೊತ್ತು. ಆದರೆ ಬಾವಿಯೊಳಗಿಂದ ಡಬ್ಬ ಬಡಿದ ಹಾಗೆ ಮಾತಾಡುತ್ತದೆ. ಮೊದಲು ತಲೆನೋವು ಬಂತು. ಸರ್ ಅಂದರು, "ಚೆಂದದ ದನಿ ನಿಧಾನಕ್ಕೆ ಚೆಂದ. ಕೆಲಸ ಜಾಸ್ತಿ ಇದ್ದಾಗ ಇದೇ ಬೇಕು ಅಂತೀರಿ ನೋಡಿ." ಆರು ತಿಂಗಳಲ್ಲಿ ಅವರ ಮಾತು ನಿಜವಾಯಿತು. ವೇಗ ಹೆಚ್ಚಿಸಿದಾಗ ಬೇರೆ ದನಿಗಳು ಕಲಸಿಹೋಗುತ್ತವೆ, ಇದು ಕಲಸುವುದಿಲ್ಲ. ಈಗ ನನ್ನ ಕಂಪ್ಯೂಟರಿನಿಂದಲೂ ಜೀರುಂಡೆ ಸದ್ದೇ ಬರುತ್ತದೆ.

ಊರಿಗೆ ಬಂದು ಅಂಗಡಿಯ ಕಂಪ್ಯೂಟರಿಗೆ ಎನ್‌ವಿಡಿಎ ಹಾಕಿದೆ. ಹಳೆಯ ಕರಾರುಪತ್ರದ ಫೈಲೊಂದನ್ನು ತೆರೆದೆ. ನಾನೇ 2009ರಲ್ಲಿ ಟೈಪ್ ಮಾಡಿದ್ದು. ಇನ್ಸರ್ಟ್, ಕೆಳಗಿನ ಆರೋ. ಬಂದ ಸದ್ದು ಯಾವ ಭಾಷೆಯದೂ ಅಲ್ಲ. ದನಿ ಬದಲಿಸಿದೆ. ಅದೇ ಗೋಳು. ಆಮೇಲೆ ಒಂದೊಂದೇ ಅಕ್ಷರಕ್ಕೆ ಆರೋ ಒತ್ತಿದೆ. ಕನ್ನಡ ಅನ್ನುವ ಪದ ಇರಬೇಕಾದ ಕಡೆ ಹೀಗೆ ಬಂತು: ಪಿ. ಎ ಗ್ರೇವ್. ಪೌಂಡ್. ಎ ಗ್ರೇವ್...

ಕೈ ತಣ್ಣಗಾಯಿತು. ಅರ್ಥ ಆಗಲು ಎರಡು ನಿಮಿಷ ಬೇಕಾಯಿತು. ಅಂಗಡಿಯಲ್ಲಿ ನಾವು ಬಳಸುತ್ತಿದ್ದದ್ದು ಹಳೆಯ ಆಸ್ಕಿ ಫಾಂಟು. ಅದರಲ್ಲಿ ಕನ್ನಡದ ಅಕ್ಷರ ಅಂತ ಏನೂ ಇರುವುದಿಲ್ಲ. ಕ-ದ ಮೈಯನ್ನು ಇಂಗ್ಲಿಷಿನ ಪಿ ಕೂರಬೇಕಾದ 80ನೇ ಮನೆಯಲ್ಲಿ ಕೂರಿಸಿರುತ್ತಾರೆ. ತಲೆಕಟ್ಟು ಇನ್ನೊಂದು ಮನೆಯಲ್ಲಿ. ಎರಡೂ ಪಕ್ಕ ಪಕ್ಕ ಬಂದಾಗ ಕಣ್ಣಿಗೆ ಕ. ಫಾಂಟು ಅನ್ನುವುದು ಒಂದು ವೇಷ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿರುವವನ ಹೆಸರು ಕೇಳುತ್ತದೆ. ಒಳಗಿರುವವನು ಪಿ. ಯೂನಿಕೋಡ್ ಅನ್ನುವ ಈಗಿನ ಪದ್ಧತಿಯಲ್ಲಾದರೆ ಕ ಅಕ್ಷರಕ್ಕೆ 3221 ಅಂತ ಅದರದೇ ಸ್ವಂತ ಸಂಖ್ಯೆ ಇದೆ. ಯಾವ ವೇಷ ಹಾಕಿದರೂ ಒಳಗೆ ಕ-ನೇ.

ಹೀಗೆ ಟೈಪ್ ಮಾಡಿದ್ದಕ್ಕೆ ಯಾರನ್ನೂ ಬೈಯುವ ಹಾಗಿಲ್ಲ. ಆಗ ಪುಟ ಜೋಡಿಸಲು ಬಳಸುತ್ತಿದ್ದ ಪೇಜ್‌ಮೇಕರ್‌ಗೆ ಯೂನಿಕೋಡ್ ಗೊತ್ತೇ ಇರಲಿಲ್ಲ. ಪ್ರೆಸ್ಸಿನವರು ಕೇಳುತ್ತಿದ್ದದ್ದೂ ಆ ಫಾಂಟನ್ನೇ. ಆದರೆ ಹದಿನೇಳು ವರ್ಷ ನಾನು ಬರೆದಿಟ್ಟದ್ದು ಕನ್ನಡವೇ ಅಲ್ಲ, ಕನ್ನಡದ ಚಿತ್ರ ಅಂತ ಅವತ್ತು ಗೊತ್ತಾಯಿತು. ಶಾಲೆಗಳಿಗೆ ಹೋದ ಪ್ರಶ್ನೆಪತ್ರಿಕೆಗಳು, ಸಂಘಗಳ ಬೈಲಾಗಳು, ಒಬ್ಬ ನಿವೃತ್ತ ಮೇಷ್ಟ್ರ ಮುನ್ನೂರು ಪುಟದ ಊರ ಇತಿಹಾಸ, ಎಲ್ಲವೂ. ಆ ಜೀರುಂಡೆ ಫೋನಿನ ಹುಡುಗ ಅವನ್ನು ಓದಲು ಹೋಗಿದ್ದರೆ ಅವನಿಗೆ ಕೇಳಿಸುತ್ತಿದ್ದದ್ದು ಎ ಗ್ರೇವ್, ಪೌಂಡ್, ಎ ಗ್ರೇವ್.

ಮಾರ್ಗ ಇದೆ. ಆಸ್ಕಿಯನ್ನು ಯೂನಿಕೋಡಿಗೆ ಬದಲಿಸುವ ಕನ್ವರ್ಟರುಗಳು ಸಿಗುತ್ತವೆ. ಆದರೆ ಒತ್ತಿದ ಕೂಡಲೇ ಎಲ್ಲ ಸರಿಹೋಗುವುದಿಲ್ಲ. ದೊಡ್ಡ ತಲೆನೋವು ಅರ್ಕಾವತ್ತು. ಹಳೆಯ ಫೈಲಿನಲ್ಲಿ ಅದು ಅಕ್ಷರದ ನಂತರ ಬರುತ್ತದೆ, ಯೂನಿಕೋಡಿನಲ್ಲಿ ರ್ ಅಕ್ಷರಕ್ಕಿಂತ ಮೊದಲು ಬರಬೇಕು. ಕನ್ವರ್ಟರ್ ಅಲ್ಲಿ ಎಡವಿದರೆ ಕಾರ್ಯಕ್ರಮ ಹೋಗಿ ಕಾಯರ್ಕ್ರಮ ಆಗುತ್ತದೆ. ಇನ್ನೊಂದು, ಸೊನ್ನೆ. ಅನುಸ್ವಾರದ ಬದಲು ಅಂಕಿಯ ಸೊನ್ನೆ ಒತ್ತಿಬಿಟ್ಟಿರುವ ಸಾಲುಗಳು ನನ್ನ ಫೈಲುಗಳಲ್ಲೇ ಎಷ್ಟೋ. ಕಣ್ಣಿಗೆ ಎರಡೂ ಒಂದೇ ದುಂಡು. ಕಿವಿಗೆ "ಜೀರೋ" ಅಂತ ಬಂದು ಬಡಿಯುತ್ತದೆ.

ಇಲ್ಲಿಯೇ ನನಗೆ ಮತ್ತೆ ಕೆಲಸ ಸಿಕ್ಕಿದ್ದು. ಕನ್ನಡದಲ್ಲಿ ಬರೆದ ಹಾಗೆ ಓದುತ್ತೇವೆ. ಇಂಗ್ಲಿಷಿನಲ್ಲಿ ಬೇರೆ ಬೇರೆ ಸ್ಪೆಲಿಂಗಿನ ಪದಗಳು ಕಿವಿಗೆ ಒಂದೇ ಥರ ಕೇಳುತ್ತವೆ, ಅಲ್ಲಿ ಕೇಳಿ ಪ್ರೂಫ್ ನೋಡುವುದು ಕಷ್ಟ. ಕನ್ನಡದಲ್ಲಿ ದೀರ್ಘ ಬಿಟ್ಟುಹೋದರೂ, ಒತ್ತು ತಪ್ಪಿದರೂ, ಲ ಇರಬೇಕಾದ ಕಡೆ ಳ ಬಂದರೂ ಕಿವಿ ತಕ್ಷಣ ಹಿಡಿಯುತ್ತದೆ. ಕಣ್ಣಿದ್ದಾಗ ನಾನು ಪದವನ್ನು ಓದುತ್ತಲೇ ಇರಲಿಲ್ಲ, ಅದರ ಆಕಾರ ನೋಡಿ ಮುಂದೆ ಹೋಗುತ್ತಿದ್ದೆ. ಈ ಯಂತ್ರಕ್ಕೆ ಅಂಥ ದಾಕ್ಷಿಣ್ಯ ಇಲ್ಲ. ಇದ್ದಿದ್ದನ್ನು ಇದ್ದ ಹಾಗೆ ಹೇಳುತ್ತದೆ. ಕೃ ಮತ್ತು ಕ್ರು, ಶ ಮತ್ತು ಷ, ಐ ಮತ್ತು ಅಯ್ ಇಂಥವು ಮಾತ್ರ ಮೋಸ ಮಾಡುತ್ತವೆ. ಅಂಥ ಕಡೆ ಅಕ್ಷರ ಅಕ್ಷರವಾಗಿ ಹೋಗುತ್ತೇನೆ.

ಈಗ ಅಂಗಡಿಯಲ್ಲಿ ಹುಡುಗ ಡಿಸೈನ್ ಮಾಡುತ್ತಾನೆ, ನಾನು ಟೈಪ್ ಮಾಡಿ ಪ್ರೂಫ್ ಕೇಳುತ್ತೇನೆ. ಬೇರೆ ಪ್ರೆಸ್ಸಿನವರೂ ಹಳೆಯ ಪುಸ್ತಕಗಳ ಫೈಲು ಕಳಿಸುತ್ತಾರೆ, ಯೂನಿಕೋಡಿಗೆ ತಂದು ತಿದ್ದಿಕೊಡಿ ಅಂತ. ಫೈಲೇ ಇಲ್ಲದ ಪುಸ್ತಕವಾದರೆ ಸ್ಕ್ಯಾನ್ ಮಾಡಿ ಓಸಿಆರ್ ಮಾಡಬೇಕು, ಅಂದರೆ ಚಿತ್ರದಲ್ಲಿರುವ ಅಕ್ಷರಗಳನ್ನು ಯಂತ್ರದಿಂದಲೇ ಗುರುತಿಸಿ ಟೈಪ್ ಮಾಡಿಸಬೇಕು. ನಮ್ಮ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎ.ಜಿ. ರಾಮಕೃಷ್ಣನ್ ಅವರ ತಂಡ ಕನ್ನಡಕ್ಕೆಂದೇ ಲಿಪಿ ಜ್ಞಾನಿ ಅನ್ನುವ ಓಸಿಆರ್ ಮಾಡಿದೆ. ಪ, ವ, ಷ ಒಂದರ ಹಾಗೆ ಒಂದು ಕಾಣುವ ನಮ್ಮ ಲಿಪಿಯನ್ನು ಯಂತ್ರಕ್ಕೆ ಕಲಿಸುವುದು ಸಣ್ಣ ಕೆಲಸವಲ್ಲ. ಯಾವ ಓಸಿಆರ್ ಮಾಡಿದರೂ ಕೊನೆಗೆ ಒಂದು ಜೊತೆ ಕಿವಿ ಬೇಕು.

ಹೀಗೆ ಮಾಡಲು ಕಾನೂನಿನ ಅಡ್ಡಿ ಇಲ್ಲವಾ ಅಂತ ಮೇಷ್ಟ್ರೊಬ್ಬರು ಕೇಳಿದ್ದರು. ಅಂಗಡಿ ಕೆಲಸವನ್ನು ಪ್ರಕಾಶಕರೇ ಕೊಡುತ್ತಾರೆ, ಅದರ ಪ್ರಶ್ನೆ ಇಲ್ಲ. ಓದಲಾಗದವರಿಗಾಗಿ ಪುಸ್ತಕವನ್ನು ಓದುವಂಥ ರೂಪಕ್ಕೆ ತರಲು 2012ರ ತಿದ್ದುಪಡಿಯಾದ ಮೇಲೆ ನಮ್ಮ ಕಾಪಿರೈಟ್ ಕಾಯಿದೆಯಲ್ಲೇ ಅವಕಾಶ ಇದೆ. ಇದೇ ಅವಕಾಶಕ್ಕಾಗಿ ದೇಶ ದೇಶಗಳು ಮಾಡಿಕೊಂಡ 2013ರ ಮರಕೇಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶವೂ ನಮ್ಮದೇ, 2014ರಲ್ಲಿ. ಇಂಥ ಪುಸ್ತಕಗಳಿಗೆಂದೇ 2016ರಲ್ಲಿ ಸುಗಮ್ಯ ಪುಸ್ತಕಾಲಯ ಅನ್ನುವ ಆನ್‌ಲೈನ್ ಗ್ರಂಥಾಲಯ ಶುರುವಾಯಿತು.

ದುಡ್ಡಿನ ವಿಷಯಕ್ಕೆ ಬರುತ್ತೇನೆ, ಅಂಗಡಿಯವನಿಗೆ ಅದೇ ಮುಖ್ಯ ಅಲ್ವಾ. ಈಗಿನ ನೋಟುಗಳಲ್ಲಿ ನೂರರದ್ದು 142 ಮಿಲಿಮೀಟರ್ ಉದ್ದ, ಇನ್ನೂರರದ್ದು 146, ಐನೂರರದ್ದು 150. ಒಂದಕ್ಕಿಂತ ಒಂದು ನಾಲ್ಕೇ ಮಿಲಿಮೀಟರ್ ಜಾಸ್ತಿ. ಅಗಲ ಮೂರಕ್ಕೂ ಒಂದೇ. ಅಂಚಿನಲ್ಲಿ ಉಬ್ಬು ಗೆರೆಗಳೂ ಇವೆ, ಹೊಸ ನೋಟಿನಲ್ಲಿ ಸಿಗುತ್ತವೆ. ಸಂತೆ ದಿನ ಬೆವರಿನ ಕೈಯಿಂದ ಬಂದ ನೋಟಿನಲ್ಲಿ ಎಲ್ಲಿ ಹುಡುಕುವುದು? ನಾನು ಗಲ್ಲಾದಲ್ಲಿ ಒಂದು ನೂರರ ನೋಟನ್ನು ರಟ್ಟಿಗೆ ಅಂಟಿಸಿ ಇಟ್ಟಿದ್ದೇನೆ. ಬಂದ ನೋಟನ್ನು ಅದರ ಮೇಲಿಟ್ಟು ತುದಿ ಸವರುತ್ತೇನೆ. ರಿಸರ್ವ್ ಬ್ಯಾಂಕಿನ ಮಣಿ ಆ್ಯಪ್ 2020ರ ಜನವರಿ 1ರಂದು ಬಂತು. ಕ್ಯಾಮೆರಾ ಮುಂದೆ ನೋಟು ಹಿಡಿದರೆ ಎಷ್ಟರದ್ದು ಅಂತ ಹೇಳುತ್ತದೆ, ಇಂಟರ್‌ನೆಟ್ ಬೇಡ. ಅಸಲಿಯೋ ನಕಲಿಯೋ ಅಂತ ಹೇಳುವುದಿಲ್ಲ.

ಆದರೆ ನನಗೆ ಎಲ್ಲಕ್ಕಿಂತ ಉಪಕಾರ ಮಾಡಿದ್ದು ಅಂಧರಿಗಾಗಿ ಮಾಡಿದ ಸಾಮಾನೇ ಅಲ್ಲ. ಯುಪಿಐ ಸೌಂಡ್‌ಬಾಕ್ಸು. ಗಿರಾಕಿ ಸ್ಕ್ಯಾನ್ ಮಾಡಿದರೆ ಇಷ್ಟು ರೂಪಾಯಿ ಬಂತು ಅಂತ ಕನ್ನಡದಲ್ಲೇ ಕೂಗುತ್ತದೆ. ಪಕ್ಕದ ತರಕಾರಿ ಅಂಗಡಿಯವನೂ ನಾನೂ ಅದರ ಮುಂದೆ ಒಂದೇ.

ಕಿರಿಕಿರಿಗಳು ಇಲ್ಲ ಅಂತಲ್ಲ. ಒಂದು ಬ್ಯಾಂಕಿನ ಆ್ಯಪ್‌ನಲ್ಲಿ ಯಾವ ಬಟನ್ ಮುಟ್ಟಿದರೂ "ಅನ್‌ಲೇಬಲ್ಡ್ ಬಟನ್" ಅನ್ನುತ್ತದೆ. ಟಾಕ್‌ಬ್ಯಾಕ್‌ನಲ್ಲಿ ಕೆಲವು ಬಟನ್‌ಗಳಿಗೆ ನಾವೇ ಹೆಸರು ಕೊಡಬಹುದು. ಮಗಳ ಹತ್ತಿರ ಕೇಳಿ ಒಂದೊಂದಕ್ಕೇ ಹೆಸರಿಟ್ಟೆ. ಮುಂದಿನ ತಿಂಗಳು ಆ್ಯಪ್ ಬದಲಾಯಿತು, ನಾಮಕರಣ ಮತ್ತೆ ಮೊದಲಿನಿಂದ. ಇನ್ನೊಂದು ಆನ್‌ಲೈನ್ ಅರ್ಜಿ ದೃಷ್ಟಿದೋಷ ಇರುವವರೇ ತುಂಬಬೇಕಾದದ್ದು. ಕೊನೆಗೆ ಚಿತ್ರದಲ್ಲಿ ಕಾಣುವ ಅಕ್ಷರಗಳನ್ನು ಟೈಪ್ ಮಾಡಿ ಅಂತ ಕೇಳಿತು. ಕೇಳಿಸಿಕೊಳ್ಳುವ ಬದಲಿ ವ್ಯವಸ್ಥೆ ಇರಲಿಲ್ಲ. ನಾನು ಮನುಷ್ಯ ಅಂತ ಸಾಬೀತು ಮಾಡಲು ಹೆಂಡತಿಯನ್ನು ಕರೆಯಬೇಕಾಯಿತು. ಫೋಟೋ ನೋಡಿ ವಿವರಿಸುವ ಎಐ ಆ್ಯಪ್‌ಗಳೂ ಬಂದಿವೆ. ಮದುವೆ ಕಾರ್ಡುಗಳು ವಾಟ್ಸ್‌ಆ್ಯಪ್‌ನಲ್ಲಿ ಚಿತ್ರವಾಗಿ ಬರುವ ಈ ಕಾಲದಲ್ಲಿ ಅವು ದೊಡ್ಡ ಸಹಾಯ. ಆದರೆ ಒಂದು ಸಲ ಮಾತ್ರೆಯ ಪಟ್ಟಿಯ ತಾರೀಖನ್ನು ಅಂಥದೊಂದು ಆ್ಯಪ್ ಬಹಳ ಧೈರ್ಯವಾಗಿ ತಪ್ಪು ಹೇಳಿತು. ಅಂದಿನಿಂದ ಔಷಧಿ ವಿಷಯದಲ್ಲಿ ಕಣ್ಣಿದ್ದವರನ್ನೇ ಕೇಳುತ್ತೇನೆ.

ಹೋದ ತಿಂಗಳು ಹಳೆಯ ಸಿಡಿಗಳನ್ನು ತೆಗೆದು ಕೂತಿದ್ದೆ. ಒಂದೊಂದೇ ಫೈಲನ್ನು ಯೂನಿಕೋಡಿಗೆ ತಂದು ಕೇಳುವುದು. 2007ರ ಒಂದು ಸಿಡಿಯಲ್ಲಿ ನನ್ನದೇ ಮದುವೆ ಕಾರ್ಡು ಸಿಕ್ಕಿತು. ನಾನೇ ಟೈಪ್ ಮಾಡಿ, ನಾನೇ ಡಿಸೈನ್ ಮಾಡಿ, ನಾನೇ ಪ್ರೂಫ್ ನೋಡಿದ್ದು. ಕನ್ವರ್ಟ್ ಮಾಡಿ ಓದಲು ಬಿಟ್ಟೆ. ಅಪ್ಪನ ಹೆಸರು, ಮಾವನವರ ಹೆಸರು, ಕಲ್ಯಾಣ ಮಂಟಪ, ಎಲ್ಲ ಸರಿಯಾಗಿ ಬಂತು. ಕೊನೆಯ ಸಾಲಿನಲ್ಲಿ ನಿಂತೆ. ಮತ್ತೆ ಕೇಳಿದೆ. ಅಕ್ಷರ ಅಕ್ಷರವಾಗಿ ಕೇಳಿದೆ. ಮೂಲ ಫೈಲನ್ನೂ ತೆರೆದು ನೋಡಿದೆ. ಕನ್ವರ್ಟರಿನ ತಪ್ಪಲ್ಲ.

ಒಳಗೆ ಕೂಗಿ ಹೇಳಿದೆ, "ಕೇಳ್ದಾ? ನಮ್ಮ ಮದುವೆ ಕಾರ್ಡಲ್ಲಿ ಸಕುಟುಬ ಸಪರಿವಾರ ಅಂತಿದೆ. ಟು ಮುಂದೆ ಸೊನ್ನೆನೇ ಇಲ್ಲ."

"ಗೊತ್ತು" ಅಂದಳು. "ನಮ್ಮಕ್ಕ ಅವತ್ತೇ ತೋರಿಸಿ ನಕ್ಕಿದ್ದಳು."

"ಮತ್ತೆ ನನಗ್ಯಾಕೆ ಹೇಳಲಿಲ್ಲ?"

"ಹುಡುಗನಿಗೆ ಕನ್ನಡ ಟೈಪಿಂಗ್ ಚೆನ್ನಾಗಿ ಬರುತ್ತೆ ಅಂತಾನೇ ಅಲ್ವಾ ಅಪ್ಪ ಒಪ್ಪಿದ್ದು. ನಾನು ಹೇಗೆ ಹೇಳಲಿ?"

ಸೊನ್ನೆ ಹಾಕಿ ಸೇವ್ ಮಾಡಿದೆ.